'ಓಪನ್ ದ ಲೈಟ್': ಚೀನಿ ಭಾಷಿಕರಿಗೆ 'ಓಪನ್' ಕಲಿಸುವ ಬಗೆ

ದೀಪ ಹಾಕು ಎನ್ನಲು ಚೀನಿ ಭಾಷಿಕರು ಇಂಗ್ಲಿಷ್‌ನಲ್ಲಿ 'ಓಪನ್ ದ ಲೈಟ್' ಎನ್ನುವುದುಂಟು. ಈ ತಪ್ಪಿನ ಬೇರು ಚೀನಿಯ ಮುಖ್ಯ ರೂಪವಾದ ಮ್ಯಾಂಡರಿನ್‌ನ 'ಖಾಯ್' ಎಂಬ ಕ್ರಿಯಾಪದದಲ್ಲಿದೆ. ಬಾಗಿಲು ತೆರೆಯುವುದು 'ಖಾಯ್ ಮನ್', ದೀಪ ಹಾಕುವುದು 'ಖಾಯ್ ತಂಗ್', ಕಾರು ಓಡಿಸುವುದು 'ಖಾಯ್ ಛ', ಸಭೆ ಸೇರುವುದು 'ಖಾಯ್ ಹ್ವೇ'. ನೀರು ಕುದಿದರೂ ಹೂ ಅರಳಿದರೂ ಅದೇ ಖಾಯ್. ದೀಪ, ಬೀಗ, ಅಂಗಿ ಎಲ್ಲಕ್ಕೂ ನಾವು 'ಹಾಕು' ಅನ್ನುವುದಿಲ್ಲವೇ, ಹಾಗೆ. 'ಖಾಯ್ ಅಂದರೆ ಓಪನ್' ಎಂದು ಪದಪಟ್ಟಿಯಲ್ಲಿ ಬರೆಸಿದ ದಿನವೇ ಎಡವಟ್ಟು ಶುರು.

ಮೊದಲು ಒಂದು ಪರೀಕ್ಷೆ ಕಲಿಸಿ: ಮುಚ್ಚಿದ್ದು ತೆರೆದುಕೊಂಡು ಒಳಗಿನದು ಸಿಗುತ್ತದೆಯೇ? ಸಿಕ್ಕರೆ 'ಓಪನ್': ಬಾಗಿಲು, ಡಬ್ಬಿ, ಪುಸ್ತಕ, ಫೈಲ್. ಯಂತ್ರ ಚಾಲೂ ಆಗುವುದಾದರೆ 'ಟರ್ನ್ ಆನ್'. ವಾಹನಕ್ಕೆ 'ಡ್ರೈವ್'. 'ಓಪನ್ ದ ಕಂಪ್ಯೂಟರ್' ಎಂದರೆ ಕೇಳಿದವರು ಸ್ಕ್ರೂಡ್ರೈವರ್ ಹುಡುಕಿಯಾರು. 'ಓಪನ್ ದ ಮೀಟಿಂಗ್' ಇನ್ನೂ ಮೋಸದ್ದು. ವ್ಯಾಕರಣ ಸರಿ ಇರುವುದರಿಂದ ಯಾರೂ ತಿದ್ದುವುದಿಲ್ಲ, ಆದರೆ ಅರ್ಥ ಸಭೆಗೆ ಚಾಲನೆ ಕೊಡುವುದು ಎಂದಷ್ಟೇ. ಸಭೆ ನಡೆಸುವುದಕ್ಕೆ 'ಹೋಲ್ಡ್' ಅಥವಾ 'ಹ್ಯಾವ್' ಬೇಕು.

'ಟರ್ನ್ ಆನ್' ಕಲಿಸುವಾಗಲೇ ಪದಗಳ ಜಾಗ ಗಟ್ಟಿ ಮಾಡಿಸಿ. 'ಟರ್ನ್ ಆನ್ ದ ಲೈಟ್', 'ಟರ್ನ್ ದ ಲೈಟ್ ಆನ್' ಎರಡೂ ನಡೆಯುತ್ತವೆ. 'ಇಟ್' ಬಂದರೆ ಮಾತ್ರ ಅದು ನಡುವೆಯೇ ಕೂರಬೇಕು: 'ಟರ್ನ್ ಇಟ್ ಆನ್'.

ಮುಂದಿನ ತೊಡಕಿಗೆ ಇಂಗ್ಲಿಷೇ ಹೊಣೆ. ಅಂಗಡಿ ತೆರೆದಿದೆ ಎನ್ನಲು 'ದ ಶಾಪ್ ಈಸ್ ಓಪನ್', ಮುಚ್ಚಿದೆ ಎನ್ನಲು 'ಈಸ್ ಕ್ಲೋಸ್ಡ್'. ಎರಡನ್ನೂ ಒಂದೇ ಅಚ್ಚಿಗೆ ಹಾಕಲು ಹೋಗಿ ಕಲಿಯುವವರು 'ಈಸ್ ಓಪನ್ಡ್' ಅಥವಾ 'ಈಸ್ ಕ್ಲೋಸ್' ಎಂದು ಬರೆಯುತ್ತಾರೆ. ಎರಡನೆಯದನ್ನು ಓದಿದವರಿಗೆ ಅಂಗಡಿ ಹತ್ತಿರದಲ್ಲಿದೆ ಎಂದೇ ಅನಿಸುತ್ತದೆ. ನಿಯಮ ವಿವರಿಸುತ್ತಾ ಕೂರಬೇಡಿ, ಜೋಡಿಯನ್ನು ಬಾಯಿಪಾಠ ಮಾಡಿಸಿ.

ಭೂತಕಾಲದಲ್ಲಿ ತಪ್ಪು ಎರಡು ಕಡೆಯಿಂದ ಬರುತ್ತದೆ. ಮ್ಯಾಂಡರಿನ್‌ನಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಅದರ ಯಾವ ಅಕ್ಷರವೂ 'ಡ್' ಸದ್ದಿನಲ್ಲಿ ಮುಗಿಯುವುದೂ ಇಲ್ಲ. ಹೀಗಾಗಿ 'ಓಪನ್ಡ್' ಎಂದು ಸರಿಯಾಗಿ ಬರೆದವರೂ 'ಓಪನ್' ಎಂದೇ ಓದುತ್ತಾರೆ. ಕೊನೆಯ 'ಡ್' ಒತ್ತಿ ಹೇಳಿಸಿದರೆ ಅದು 'ಓಪನ್‌ಡ' ಆಗಿ ಬಾಲ ಬೆಳೆಯುತ್ತದೆ. ಸ್ವರದಿಂದ ಶುರುವಾಗುವ ಪದವನ್ನು ಪಕ್ಕದಲ್ಲಿಟ್ಟು, 'ಓಪನ್ಡ್ ಇಟ್', 'ಓಪನ್ಡ್ ಆಲ್' ಎಂಬುವನ್ನು 'ಓಪನ್-ಡಿಟ್', 'ಓಪನ್-ಡಾಲ್' ಎಂದು ಕೂಡಿಸಿ ಹೇಳಿಸಿ. 'ಓಪನ್ಡ್ ದ ಡೋರ್'ಗೆ ಆಮೇಲೆ ಬನ್ನಿ. ಅಲ್ಲಿ ಇಂಗ್ಲಿಷ್‌ನವರ ಬಾಯಲ್ಲೂ 'ಡ್' ಅರ್ಧ ಕರಗಿರುತ್ತದೆ.