ಮೂರಕ್ಕೆ ಎರಡು: ಕೈಕಾಲಲ್ಲೇ ಕಲಿಯಿರಿ

ಘಾನಾದ ಎವೆ ಜನರ ಡ್ರಮ್ ವಾದನ ಕೇಳಿ ತಲೆ ಗಿರ್ ಅಂದವರಿಗೆ ಒಂದು ಸಲಹೆ. ಅಲ್ಲಿ ಒಂದೇ ಅವಧಿಯಲ್ಲಿ ಮೂರು ಪೆಟ್ಟು, ಎರಡು ಪೆಟ್ಟು ಜೊತೆಜೊತೆಗೆ ಸಾಗುತ್ತವೆ, ಅದೇ ಮೂರಕ್ಕೆ ಎರಡು. ಅದನ್ನು ಕಲಿಯಲು ಡ್ರಮ್ ಬೇಡ, ಕೈಕಾಲು ಸಾಕು. ಒಂದರಿಂದ ಆರರವರೆಗೆ ಸಮವಾಗಿ ಎಣಿಸುತ್ತಾ ಇರಿ. 1 ಮತ್ತು 4ಕ್ಕೆ ಪಾದ ತಟ್ಟಿ. ಅದು ಯೋಚನೆಯಿಲ್ಲದೆ ಬರುವ ತನಕ ಕೈ ಎತ್ತಲೇಬೇಡಿ. ಆಮೇಲೆ 1, 3, 5ಕ್ಕೆ ಚಪ್ಪಾಳೆ ಸೇರಿಸಿ. 1ರಲ್ಲಿ ಕೈಕಾಲು ಎರಡೂ ಕೂಡುತ್ತವೆ, ಮುಂದೆ ಕೈ, ಕಾಲು, ಕೈ.

ಎಡವುವುದು ಜಾಸ್ತಿ 4ರಲ್ಲೇ. ಕಾಲು ಸುಮ್ನೆ ಚಪ್ಪಾಳೆಯ ಹಿಂದೆ ಓಡುತ್ತದೆ. ಆಗ ವೇಗ ತಗ್ಗಿಸಿ, ಚಪ್ಪಾಳೆ ಬದಲು ತೊಡೆ ತಟ್ಟಿ. ಎವೆಯವರು ಅಹಾತ್ಸೆ ಎಂಬ ಸೋರೆಬುರುಡೆಯ ಗಿಲಕಿಯನ್ನೂ ತೊಡೆಗೆ, ಅಂಗೈಗೆ ಬಡಿದೇ ನುಡಿಸುತ್ತಾರೆ. ಸಮವಾಗಿ ಟಿಕ್ ಟಿಕ್ ಎಂದು ಲಯ ಹಿಡಿಯುವ ಮೆಟ್ರೋನೋಮ್ ಆ್ಯಪ್ ಈಗಲೇ ಬೇಡ, ಬಾಯೆಣಿಕೆಯೇ ವಾಸಿ. ಸರಾಗವಾದ ಮೇಲೆ ಕೈಕಾಲಿನ ಕೆಲಸ ಅದಲುಬದಲು ಮಾಡಿ ನೋಡಿ.