ಕೊಬ್ಬರಿ ಬಿಟ್ಟು ಲಂಕೆಗೆ ಹೋದದ್ದು

ಬ್ಯಾಗಿನಿಂದ ಹನ್ನೆರಡು ಕೊಬ್ಬರಿ ಗಿಟುಕನ್ನೂ ಆಚೆ ತೆಗೆಸಿಬಿಟ್ಟರು. ನಾವು ತಿಪಟೂರು ಕಡೆಯವರು, ಯಾರ ಮನೆಗೂ ಬರಿಗೈಲಿ ಹೋಗಿ ಗೊತ್ತಿಲ್ಲ. ಶ್ರೀಲಂಕಾದಲ್ಲಿ ನಮ್ಮನ್ನು ಸುತ್ತಾಡಿಸಲಿದ್ದ ಡ್ರೈವರ್‌ಗೆ ಕೊಡೋಣ ಅಂತ ಒಳ್ಳೇ ಉಂಡೆ ಕೊಬ್ಬರಿ ಆರಿಸಿ ಕಟ್ಟಿಕೊಂಡಿದ್ದೆ. ಎಣ್ಣೆ ತುಂಬಿದ ಕೊಬ್ಬರಿ ಒತ್ತಾಗಿ ಕೂತರೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೇ ವಿಮಾನದಲ್ಲಿ ನಿಷೇಧ ಅಂದರು. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕಾಯಿ ಒಣಗಿಸಿ, ಅದರ ಕೆಳಗೇ ನಲವತ್ತು ವರ್ಷ ಮಲಗಿದವನಿಗೆ ಇದು ಗೊತ್ತಾಗಿದ್ದು ಏರ್‌ಪೋರ್ಟಿನಲ್ಲಿ.

ಬೆಂಗಳೂರಿಂದ ಕೊಲಂಬೊಗೆ ಒಂದೂವರೆ ಗಂಟೆ. ಗಡಿಯಾರವನ್ನೂ ತಿದ್ದಬೇಕಿಲ್ಲ, ನಮ್ಮ ಟೈಮೇ ಅಲ್ಲೂ. ಇಳಿದರೆ ಅದೇ ತೆಂಗು, ಅದೇ ಬಾಳೆ, ಅದೇ ಹಲಸು. ಬೋರ್ಡಿನ ಸಿಂಹಳ ಅಕ್ಷರವೂ ದುಂಡಗೆ ನಮ್ಮ ಅಕ್ಷರದ ಹಾಗೇ ಕಂಡು, ಓದೋಕೆ ಹೋಗಿ ಸೋತೆ. ಥ್ಯಾಂಕ್ಸ್ ಅನ್ನೋಕೆ ಅವರು ‘ಇಸ್ತೂತಿ’ ಅಂತಾರೆ, ನಮ್ಮ ಸ್ತುತಿಯೇ ಅದು. ಸಿಕ್ಕಾಗ ಕೈಮುಗಿದು ‘ಆಯುಬೋವನ್’, ಅಂದರೆ ಆಯುಷ್ಯ ಹೆಚ್ಚಲಿ ಅಂತ. ಹೀಗಾಗಿ ನಮ್ಮೂರಲ್ಲೇ ಇದ್ದೀವಿ ಅನ್ನಿಸಿಬಿಡುತ್ತೆ. ನಾವು ಎಡವಿದ್ದೂ ಅದಕ್ಕೇ.

ಮೊದಲು ಎಡವಿದ್ದು ಊಟದಲ್ಲಿ. ಅನ್ನ, ಬೇಳೆ ಪಲ್ಯದಂಥ ‘ಪರಿಪ್ಪು’, ಹಲಸಿನ ಗೊಜ್ಜು, ಪಕ್ಕದಲ್ಲಿ ಕೆಂಪಗೆ ಕಾಯಿತುರಿ ಚಟ್ನಿ. ನಮ್ಮನೆಯವಳು ಚಟ್ನಿಗೇ ಮೊದಲು ಕೈ ಹಾಕಿದಳು. ಎರಡು ತುತ್ತು ಆದ ಮೇಲೆ, "ರೀ, ಇದೇನೋ ವಾಸನೆ ಬರುತ್ತಲ್ಲ?" ಅಂದಳು. ಅದರ ಹೆಸರು ‘ಪೊಲ್ ಸಂಬೋಲ’. ತೆಂಗಿನತುರಿ, ಒಣಮೆಣಸು, ಈರುಳ್ಳಿ, ನಿಂಬೆರಸದ ಜೊತೆ ‘ಉಂಬಲಕಡ’ ಅಂತ ಒಣಮೀನಿನ ಚೂರು ಕುಟ್ಟಿ ಹಾಕಿರ್ತಾರೆ. ಮಾಲ್ಡೀವ್ಸ್ ಕಡೆಯ ಟ್ಯೂನಾ ಮೀನು, ಕಲ್ಲಿನ ಹಾಗೆ ಒಣಗಿಸಿದ್ದು. ಎಷ್ಟೋ ತರಕಾರಿ ಪಲ್ಯಕ್ಕೂ ಅದನ್ನು ರುಚಿಗೆ ಅಂತ ಹಾಕ್ತಾರೆ, ಅವರ ಲೆಕ್ಕದಲ್ಲಿ ಅದು ಒಗ್ಗರಣೆ ಇದ್ದ ಹಾಗೆ. ‘ವೆಜ್’ ಅಂತ ಕೇಳಿದರೆ ಸಾಲದು. ‘ಮಾಳು ಎಪಾ, ಮಸ್ ಎಪಾ, ಉಂಬಲಕಡ ಎಪಾ’ ಅನ್ನಬೇಕು: ಮೀನು ಬೇಡ, ಮಾಂಸ ಬೇಡ, ಆ ಚೂರೂ ಬೇಡ. ಮೂರನೇ ದಿನಕ್ಕೆ ನಮ್ಮನೆಯವಳು ಇದನ್ನು ಮಂತ್ರದ ಹಾಗೆ ಹೇಳ್ತಿದ್ದಳು. ತಮಿಳರ ‘ಸೈವ’ ಹೋಟೆಲ್ ಸಿಕ್ಕಿದರೆ ಚಿಂತೆಯಿಲ್ಲ, ಇಡ್ಲಿ ದೋಸೆಯೇ ಇರುತ್ತೆ. ಇನ್ನು ಟೀ ಅಂಗಡೀಲಿ ಕೂತರೆ ಕೇಳದೆಯೇ ಒಂದು ತಟ್ಟೆ ಬನ್ನು, ರೋಲು ತಂದಿಡ್ತಾರೆ. ಗಾಬರಿ ಬೇಡ, ತಿಂದಷ್ಟಕ್ಕೇ ಲೆಕ್ಕ. ಬನ್ನಿನೊಳಗೆ ಮೀನಿರುತ್ತೆ ಅನ್ನೋದು ಮಾತ್ರ ನೆನಪಿರಲಿ.

ಬಿಲ್ಲು ನೋಡಿಯೂ ಎದೆ ಹೊಡೆದುಕೊಳ್ಳುತ್ತೆ. ಅವರದೂ ರೂಪಾಯಿಯೇ, ಆದರೆ ನಮ್ಮ ಒಂದಕ್ಕೆ ಅವರದು ಮೂರು ಚಿಲ್ಲರೆ ಬರ್ತಿತ್ತು. ದೊಡ್ಡ ಹೋಟೆಲಲ್ಲಿ ಶೇಕಡಾ 10 ಸರ್ವಿಸ್ ಚಾರ್ಜ್ ಬೇರೆ ಸೇರಿರುತ್ತೆ. ನಮ್ಮ ಯುಪಿಐ 2024ರ ಫೆಬ್ರವರಿಯಿಂದ ಅಲ್ಲೂ ಶುರುವಾಗಿದೆ, ಆದರೂ ಹಳ್ಳಿ ಕಡೆಗೆ ನೋಟೇ ಬೇಕು. ಬಂಡೆಕೋಟೆ ಸಿಗಿರಿಯದಂಥ ಕಡೆ ನಮ್ಮಂಥ ಸಾರ್ಕ್ ಒಕ್ಕೂಟದ ದೇಶದವರಿಗೆ ಟಿಕೆಟ್ ಕಡಿಮೆ, ಪಾಸ್‌ಪೋರ್ಟ್ ಕೈಲಿರಬೇಕು.

ಎರಡನೇ ಎಡವಟ್ಟು ಬಸ್ಸಿನದು. ಮುಂದಿನ ಸೀಟು ಖಾಲಿ ಇದೆ ಅಂತ ನಾವಿಬ್ಬರೂ ಆರಾಮಾಗಿ ಕೂತೆವು. ಮುಂದಿನ ಸ್ಟಾಪಲ್ಲಿ ಕಾವಿಯ ಭಿಕ್ಷುಗಳೊಬ್ಬರು ಹತ್ತಿದರು. ಬಸ್ಸಿಗೆ ಬಸ್ಸೇ ನಮ್ಮನ್ನು ನೋಡ್ತಿದೆ, ಯಾಕೆ ಅಂತ ನಮಗೆ ತಿಳೀದು. ಕಂಡಕ್ಟರ್ ಮೆಲ್ಲಗೆ ಸನ್ನೆ ಮಾಡಿದ. ಆ ಸೀಟು ಧರ್ಮಗುರುಗಳಿಗೆ ಮೀಸಲು, ಮೇಲೆ ಬರೆದೂ ಇದೆ. ಹೆಂಗಸರು ಅವರನ್ನು ಮುಟ್ಟಬಾರದು, ಪಕ್ಕದಲ್ಲಿ ಕೂರೋದೂ ಸರಿಯಲ್ಲ.

ಬುದ್ಧನ ಹಲ್ಲು ಇಟ್ಟು ಪೂಜಿಸೋ ಕ್ಯಾಂಡಿಯ ದಂತಮಂದಿರಕ್ಕೆ ಹೋದ ದಿನ ಜನವರಿಯ ಹುಣ್ಣಿಮೆ, ಅವರ ‘ದುರುತು ಪೋಯ’. ಪ್ರತಿ ಹುಣ್ಣಿಮೆಯೂ ಅಲ್ಲಿ ಸರ್ಕಾರಿ ರಜೆ. ಹೆಂಡದಂಗಡಿ, ಮಾಂಸದಂಗಡಿ ಎಲ್ಲ ಬಾಗಿಲು. ತೆಂಗಿನ ಅರಾಕ್ ರುಚಿ ನೋಡಲೇಬೇಕು ಅಂತ ಬಂದಿದ್ದ ಭಾಮೈದ ಆ ದಿನ ಟೀ ಕುಡಿದೇ ಮಲಗಿದ. ಗುಡಿಯಲ್ಲಿ ಅರ್ಚನೆ ಚೀಟಿಯಿಲ್ಲ, ತೀರ್ಥವಿಲ್ಲ. ಬಿಳಿ ಬಟ್ಟೆಯ ಜನ ತಾವೇ ತಾವರೆ, ದೇವಕಣಗಿಲೆ ತಂದಿಟ್ಟು ಕೂರ್ತಾರೆ. ಮಂಡಿ, ಭುಜ ಮುಚ್ಚಿರಬೇಕು. ಚಪ್ಪಲಿ ಬಿಡೋದು ನಮಗೆ ಹೇಳಿಕೊಡಬೇಕಾದ್ದಲ್ಲ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತಗೊಳ್ಳೋದು ಮಾತ್ರ ಮಹಾಪರಾಧ. ಭಾಮೈದನ ಮಗಳು ಫೋನ್ ಎತ್ತಿದ್ದೇ ತಡ, ಕಾವಲಿನವನು ಓಡಿ ಬಂದ.

ಮಳೆ ಲೆಕ್ಕ ಒಂದು ಹೇಳಿಬಿಡ್ತೀನಿ. ಮೇಯಿಂದ ಸೆಪ್ಟೆಂಬರ್ ಪಶ್ಚಿಮ ಮತ್ತು ದಕ್ಷಿಣಕ್ಕೆ ಮಳೆ, ವರ್ಷದ ಕೊನೆಗೆ ಪೂರ್ವಕ್ಕೆ. ಒಂದು ಕಡೆ ಸುರಿಯುವಾಗ ಇನ್ನೊಂದು ಕಡೆ ಹೋಗಬಹುದು.

ನಾನು ನಿಜಕ್ಕೂ ಹೋದದ್ದು ತೆಂಗು ನೋಡೋಕೆ. ಕುರುನೇಗಲ, ಪುತ್ತಲಂ, ಚಿಲಾವ್ ಸುತ್ತ ‘ತೆಂಗಿನ ತ್ರಿಕೋನ’ ಅಂತಾರೆ, ಕಣ್ಣು ಹಾಯಿಸಿದಷ್ಟೂ ತೋಟ. ದಕ್ಷಿಣದ ಕರಾವಳೀಲಿ ಹೆಂಡ ಇಳಿಸುವವರು ಮರದಿಂದ ಮರಕ್ಕೆ ಹಗ್ಗ ಕಟ್ಟಿ, ಕೆಳಗಿಳಿಯದೆ ಆ ಹಗ್ಗದ ಮೇಲೇ ನಡೀತಾರೆ. ನೋಡ್ತಾ ನನ್ನ ಕಾಲು ನಡುಗಿತು. ‘ತಂಬಿಲಿ’ ಅಂತ ಕಿತ್ತಳೆ ಬಣ್ಣದ ಎಳನೀರು ರಸ್ತೆ ರಸ್ತೇಲಿ. ನಮ್ಮಲ್ಲಿ ಎಳನೀರು ಅಂದರೆ ಮದ್ದೂರಿನವರ ಕಸುಬು, ನಾವು ಕಾಯಿ ಬಲಿಯೋವರೆಗೂ ಮುಟ್ಟಲ್ಲ. ಆದರೂ ಆ ಸಿಹಿ ಕುಡಿದವನಿಗೆ ಬಿತ್ತನೆಕಾಯಿ ತಗೊಂಡು ಹೋಗೋ ಆಸೆ ಹುಟ್ಟಿತು. ಬಲಿತ ಮೂರು ಕಾಯಿ ಸಂಪಾದಿಸಿದ್ದೂ ಆಯ್ತು. ಆಮೇಲೆ ವಿಚಾರಿಸಿದರೆ, ಬಿತ್ತನೆ ಸಾಮಗ್ರಿ ತರೋಕೆ ಆಮದು ಪರವಾನಗಿ ಬೇಕು, ಅಲ್ಲಿನ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಕದ್ದು ತರಬಹುದಿತ್ತೇನೋ, ಆದರೆ ಕಾಯಿಯ ಜೊತೆ ಯಾವ ಪೀಡೆ ಬರುತ್ತೋ. ನುಸಿಪೀಡೆ ನಮ್ಮ ತೋಟಗಳಿಗೆ ಏನು ಮಾಡಿತು ಅಂತ ಕಂಡವನು ನಾನು, ಮನಸ್ಸು ಬರಲಿಲ್ಲ.

ವಾಪಸ್ ಬರೋ ದಿನ ಮೂರನ್ನೂ ಡ್ರೈವರ್ ಕೈಗೆ ಕೊಟ್ಟೆ. ಅವನ ಹಿತ್ತಲಲ್ಲೇ ನಾಲ್ಕು ತಂಬಿಲಿ ಮರ ಇವೆಯಂತೆ. ನಕ್ಕೊಂಡು ಇಸಕೊಂಡ.