ಪಾಲಿಸಿಯಲ್ಲಿ ಇಲ್ಲದ್ದನ್ನು ಮೊದಲು ಓದಿ: ವಿಶ್ವವಿದ್ಯಾಲಯದ ಸುರಕ್ಷತೆ ಮತ್ತು ವಿಮೆ ನೋಡಿಕೊಂಡ ನನ್ನ ಅನುಭವ

ಹಾಸನದ ಸಮೀಪದ ದೊಡ್ಡ ವಿಶ್ವವಿದ್ಯಾಲಯವೊಂದರ ಎಸ್ಟೇಟ್ ವಿಭಾಗದಲ್ಲಿದ್ದ ನನಗೆ ಸುರಕ್ಷತೆ ಮತ್ತು ವಿಮೆಯ ಹೊಣೆಯನ್ನು ಕುಲಸಚಿವರು ವಹಿಸಿದಾಗ, ಅದಕ್ಕೆ ಸಂಬಂಧಿಸಿದ ಕಡತಗಳು ಒಂದೇ ಕಡೆ ಇರಲಿಲ್ಲ. ಕಟ್ಟಡಗಳ ಬೆಂಕಿ ವಿಮೆ ಹಣಕಾಸು ವಿಭಾಗದಲ್ಲಿತ್ತು, ಬಸ್ಸುಗಳದ್ದು ಸಾರಿಗೆ ಮೇಲ್ವಿಚಾರಕರ ಬಳಿ ಇತ್ತು, ವಿದ್ಯಾರ್ಥಿಗಳ ಗುಂಪು ಅಪಘಾತ ವಿಮೆಯ ಕಾಗದಗಳು ವಿದ್ಯಾರ್ಥಿ ಕ್ಷೇಮಪಾಲನಾ ಕಚೇರಿಯ ಬೀರುವಿನಲ್ಲಿದ್ದವು. ಪ್ರತಿಯೊಬ್ಬರಿಗೂ ತಮ್ಮ ಪಾಲಿಸಿ ಯಾವ ದಿನ ಮುಗಿಯುತ್ತದೆ ಎಂಬುದು ಚೆನ್ನಾಗಿ ಗೊತ್ತಿತ್ತು; ಒಳಗೆ ಏನು ಬರೆದಿದೆ ಎಂದು ಓದುವುದು ಮಾತ್ರ ಯಾರ ಕೆಲಸವೂ ಆಗಿರಲಿಲ್ಲ. ನಾನು ಎಲ್ಲವನ್ನೂ ತರಿಸಿಕೊಂಡು, ವಿಮಾ ಕಂಪನಿ ಏನನ್ನು ಕೊಡುತ್ತದೆ ಎಂಬ ಪುಟವನ್ನು ಪಕ್ಕಕ್ಕಿಟ್ಟು, ಏನನ್ನು ಕೊಡುವುದಿಲ್ಲ ಎಂಬ ಪುಟಗಳಿಂದ ಓದಲು ಆರಂಭಿಸಿದೆ. ಮುಂದೆ ನಾನು ಮಾಡಿದ ಸುರಕ್ಷತಾ ಕೆಲಸಗಳಲ್ಲಿ ಹೆಚ್ಚಿನವು ಆ ಪುಟಗಳಿಂದಲೇ ಹುಟ್ಟಿದವು.

2021ರ ಏಪ್ರಿಲ್ 1ರಿಂದ ಸಣ್ಣ ಮತ್ತು ಮಧ್ಯಮ ಪ್ರಮಾಣದ ಆಸ್ತಿಗಳಿಗೆ ಹೊಸ ಮಾದರಿಯ ಪಾಲಿಸಿಗಳು ಜಾರಿಗೆ ಬಂದಿವೆ. ಒಂದೇ ಆವರಣದ ಆಸ್ತಿಯ ಮೌಲ್ಯ 50 ಕೋಟಿ ರೂಪಾಯಿ ಮೀರಿದರೆ ಅವು ಅನ್ವಯಿಸುವುದಿಲ್ಲ. ನಮ್ಮಂಥ ಆವರಣಗಳಿಗೆ ‘ಸ್ಟ್ಯಾಂಡರ್ಡ್ ಫೈರ್ ಅಂಡ್ ಸ್ಪೆಷಲ್ ಪೆರಿಲ್ಸ್’ ಎಂಬ ಹಳೆಯ ಪಾಲಿಸಿಯೇ ಆಧಾರ. ಬೆಂಕಿ, ಸಿಡಿಲು, ಸ್ಫೋಟ, ಬಿರುಗಾಳಿ, ಪ್ರವಾಹ, ಭೂಕುಸಿತ, ಗಲಭೆ ಇವೆಲ್ಲ ಅದರಲ್ಲಿ ಸೇರಿವೆ. ಕುರುಚಲು ಗಿಡಗಳಿಗೆ ಹತ್ತಿದ ಬೆಂಕಿಯೂ ಸೇರಿದೆ. ಆದರೆ ಅದೇ ಸಾಲಿನಲ್ಲಿ ಕಾಡ್ಗಿಚ್ಚನ್ನು ಹೊರಗಿಡಲಾಗಿದೆ. ಬಯಲು ಸೀಮೆಯಲ್ಲಿ ಕುಳಿತು ಓದುವವರಿಗೆ ಇದು ಸಣ್ಣ ವಿಷಯವಾಗಿ ಕಂಡೀತು. ಸಕಲೇಶಪುರದ ಕಡೆ ಕಾಡಿನ ಅಂಚಿನಲ್ಲಿ ಕ್ಷೇತ್ರ ಅಧ್ಯಯನ ಕೇಂದ್ರವನ್ನು ಇಟ್ಟುಕೊಂಡಿರುವ ನಮಗೆ, ಫೆಬ್ರುವರಿಯಿಂದ ಮೊದಲ ಮಳೆಯವರೆಗಿನ ಅಪಾಯ ಅದೊಂದೇ. ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಕಾಡ್ಗಿಚ್ಚನ್ನೂ ಸೇರಿಸಿಕೊಳ್ಳಬಹುದು. ಹಾಗೆ ಸೇರಿಸಿಕೊಂಡದ್ದಲ್ಲದೆ, ಜನವರಿಯಲ್ಲೇ ಕೇಂದ್ರದ ಸುತ್ತ ಒಣಹುಲ್ಲು ಸವರಿ ಬೆಂಕಿರೇಖೆ ತೆಗೆಸುವುದನ್ನು ವಾರ್ಷಿಕ ನಿರ್ವಹಣೆಯ ಪಟ್ಟಿಗೂ ಸೇರಿಸಿದೆ.

ಅದೇ ಪಾಲಿಸಿಯಲ್ಲಿ ಇನ್ನೊಂದು ಷರತ್ತು ಇದೆ. ಕಟ್ಟಡದಲ್ಲಿ ಯಾರೂ ಇಲ್ಲದೆ 30 ದಿನಕ್ಕಿಂತ ಹೆಚ್ಚು ಕಾಲ ಅದು ಖಾಲಿ ಬಿದ್ದಿದ್ದರೆ, ಕಂಪನಿಯಿಂದ ಮೊದಲೇ ಲಿಖಿತ ಒಪ್ಪಿಗೆ ಪಡೆಯದ ಹೊರತು ರಕ್ಷಣೆ ನಿಂತುಹೋಗುತ್ತದೆ. ಬೇಸಿಗೆ ರಜೆಯಲ್ಲಿ ನಮ್ಮ ಕೆಲವು ವಿದ್ಯಾರ್ಥಿನಿಲಯಗಳು ಇದಕ್ಕಿಂತ ಹೆಚ್ಚು ದಿನ ಬೀಗ ಹಾಕಿಯೇ ಇರುತ್ತವೆ. ಈಗ ಪ್ರತಿ ವರ್ಷ ರಜೆಗೆ ಮುಂಚೆ ಕಂಪನಿಗೆ ಪತ್ರ ಬರೆದು ಒಪ್ಪಿಗೆ ಪಡೆಯುತ್ತೇವೆ. ಜೊತೆಗೆ ಕಾವಲುಗಾರರು ದಿನಕ್ಕೊಮ್ಮೆ ಒಳಗೆ ಹೋಗಿ ಸುತ್ತಿ ಬಂದು ಸಹಿ ಮಾಡುವ ಪುಸ್ತಕವನ್ನು ಇಟ್ಟಿದ್ದೇವೆ. ಪುಸ್ತಕ ವಿಮೆಗಾಗಿ ಬಂದದ್ದು ನಿಜ; ಆದರೆ ತಾರಸಿಯ ಒಡೆದ ಪೈಪು, ಕಿಟಕಿಯಿಂದ ನುಗ್ಗಿದ ಕೋತಿಗಳು, ಯಾರೋ ಆರಿಸದೆ ಬಿಟ್ಟುಹೋದ ಗೀಸರ್ ಇವೆಲ್ಲ ಅದರಿಂದಲೇ ಗಮನಕ್ಕೆ ಬಂದವು.

ಸಿಡಿಲಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪ್ರಾಧ್ಯಾಪಕರಿಗೆ ಇದನ್ನು ಒಪ್ಪಿಸುವುದೇ ಕಷ್ಟವಾಗಿತ್ತು. ಪಾಲಿಸಿಯಲ್ಲಿ ಸಿಡಿಲು ಸೇರಿದೆ ಎಂದು ಮೊದಲ ಪುಟ ಹೇಳುತ್ತದೆ. ಆದರೆ ಶಾರ್ಟ್ ಸರ್ಕ್ಯೂಟ್, ಅತಿ ವೋಲ್ಟೇಜ್, ವಿದ್ಯುತ್ ಸೋರಿಕೆ ಮೊದಲಾದವುಗಳಿಂದ ವಿದ್ಯುತ್ ಉಪಕರಣವೊಂದು ಸುಟ್ಟರೆ, ಅದಕ್ಕೆ ಸಿಡಿಲೇ ಕಾರಣವಾಗಿದ್ದರೂ, ಆ ಉಪಕರಣಕ್ಕೆ ಪರಿಹಾರವಿಲ್ಲವೆಂದು ಹಿಂದಿನ ಪುಟದ ಷರತ್ತು ಹೇಳುತ್ತದೆ. ಅದರಿಂದ ಹಬ್ಬಿದ ಬೆಂಕಿಗೆ ಪಕ್ಕದ ವಸ್ತುಗಳು ಸುಟ್ಟರೆ ಅವಕ್ಕೆ ಮಾತ್ರ ಪರಿಹಾರ ಉಂಟು. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಗುಡುಗು ಸಿಡಿಲಿನ ಆರ್ಭಟ ಎಷ್ಟಿರುತ್ತದೆ ಎಂಬುದು ಹಾಸನದವರಿಗೆ ಹೊಸದಲ್ಲ. ಲಕ್ಷಗಟ್ಟಲೆ ಬೆಲೆಯ ವಿಶ್ಲೇಷಣಾ ಯಂತ್ರಗಳು ಮತ್ತು ಸರ್ವರ್‌ಗಳಿಗೆ ಪ್ರತ್ಯೇಕ ಎಲೆಕ್ಟ್ರಾನಿಕ್ ಉಪಕರಣ ವಿಮೆ ಮಾಡಿಸಿದೆವು. ಅದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಅರ್ತಿಂಗ್ ಪರೀಕ್ಷೆ, ಅಂದರೆ ಹೆಚ್ಚುವರಿ ವಿದ್ಯುತ್ತನ್ನು ನೆಲಕ್ಕಿಳಿಸುವ ಗುಂಡಿಗಳ ಪರೀಕ್ಷೆ. ಹಿಂದೆ ಮಳೆಗಾಲದಲ್ಲಿ ಅಳೆದ ವರದಿಗಳೇ ಕಡತದಲ್ಲಿದ್ದವು; ನೆಲ ನೆಂದಿರುವಾಗ ಯಾವ ಗುಂಡಿಯೂ ಒಳ್ಳೆಯ ಅಳತೆಯನ್ನೇ ತೋರಿಸುತ್ತದೆ. ಮಣ್ಣು ಪೂರ್ತಿ ಒಣಗಿರುವ ಮಾರ್ಚ್‌ನಲ್ಲಿ ಅಳೆಸಿದಾಗ ಹಲವು ಗುಂಡಿಗಳು ಹೆಸರಿಗೆ ಮಾತ್ರ ಇವೆ ಎಂದು ಗೊತ್ತಾಯಿತು. ಅವುಗಳನ್ನು ಹೊಸದಾಗಿ ತೋಡಿಸಿ, ಮುಖ್ಯ ಪ್ಯಾನೆಲ್‌ಗಳಿಗೆ ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ) ತಡೆಯುವ ಸಾಧನಗಳನ್ನು ಹಾಕಿಸಿದೆವು.

ವಿಮಾ ಮೊತ್ತ ನಿಗದಿಯೇ ಇಡೀ ಕೆಲಸದ ಬೆನ್ನೆಲುಬು ಎಂದು ನಾನು ಭಾವಿಸುತ್ತೇನೆ. ಲೆಕ್ಕಪತ್ರ ವಿಭಾಗದವರು ಪುಸ್ತಕದಲ್ಲಿರುವ ಮೌಲ್ಯವನ್ನು ಕೊಡುತ್ತಾರೆ. ಸವಕಳಿ ಕಳೆದು ಕಳೆದು ದಶಕಗಳ ಹಿಂದಿನ ಕಟ್ಟಡದ ಮೌಲ್ಯ ಕೆಲವೇ ಲಕ್ಷಗಳಿಗೆ ಇಳಿದಿರುತ್ತದೆ. ಅದನ್ನೇ ವಿಮಾ ಮೊತ್ತವಾಗಿ ಬರೆಸಿದರೆ ಪ್ರೀಮಿಯಂ ಕಡಿಮೆಯಾಗುತ್ತದೆ, ಎಲ್ಲರಿಗೂ ಸಂತೋಷ. ಆದರೆ ನಷ್ಟವಾದ ದಿನ ಸರಾಸರಿ ಷರತ್ತು ಅನ್ವಯವಾಗುತ್ತದೆ: ನಿಜವಾದ ಮೌಲ್ಯದ ಎಷ್ಟು ಪಾಲಿಗೆ ವಿಮೆ ಇದೆಯೋ, ಹಾನಿಯಲ್ಲಿ ಅಷ್ಟೇ ಪಾಲು ಸಿಗುತ್ತದೆ. ಹತ್ತು ಕೋಟಿ ಬಾಳುವ ಕಟ್ಟಡವನ್ನು ಆರು ಕೋಟಿಗೆ ಮಾತ್ರ ವಿಮೆ ಮಾಡಿಸಿದ್ದು, ಐವತ್ತು ಲಕ್ಷದ ಹಾನಿಯಾದರೆ, ಕೈಗೆ ಬರುವುದು ಮೂವತ್ತು ಲಕ್ಷ. ಉಳಿದ ಇಪ್ಪತ್ತು ಲಕ್ಷಕ್ಕೆ ನಾವೇ ವಿಮಾದಾರರು. ಹಾನಿ ವಿಮಾ ಮೊತ್ತಕ್ಕಿಂತ ಎಷ್ಟೋ ಕಡಿಮೆ ಇದೆಯಲ್ಲ, ಪೂರ್ತಿ ಏಕೆ ಕೊಡುವುದಿಲ್ಲ ಎಂದು ಕೇಳದವರನ್ನು ನಾನು ನೋಡಿಲ್ಲ. ಆದ್ದರಿಂದ ಎಲ್ಲ ಕಟ್ಟಡಗಳನ್ನೂ ಅಳೆಸಿ, ಲೋಕೋಪಯೋಗಿ ಇಲಾಖೆಯ ಚಾಲ್ತಿ ದರಪಟ್ಟಿಯ ಆಧಾರದಲ್ಲಿ ಇಂದು ಹೊಸದಾಗಿ ಕಟ್ಟಿದರೆ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ, ಜಮೀನಿನ ಬೆಲೆಯನ್ನು ಬಿಟ್ಟು, ಮರುನಿರ್ಮಾಣ ಮೌಲ್ಯದ ಮೇಲೆ ಪಾಲಿಸಿ ಮಾಡಿಸಲು ಟಿಪ್ಪಣಿ ಮಂಡಿಸಿದೆ. ಪ್ರೀಮಿಯಂ ಏರಿತು, ಹಣಕಾಸು ಸಮಿತಿಯಲ್ಲಿ ಆಕ್ಷೇಪವೂ ಬಂತು. ಮೇಲಿನ ಐವತ್ತು ಲಕ್ಷದ ಉದಾಹರಣೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದ ಮೇಲೆ ಒಪ್ಪಿಗೆ ಸಿಕ್ಕಿತು.

ಆಸ್ತಿಯ ಲೆಕ್ಕ ಹೀಗಾದರೆ ಜನರ ಲೆಕ್ಕ ಬೇರೆ. ರಸಾಯನಶಾಸ್ತ್ರ ವಿಭಾಗದ ದಾಸ್ತಾನು ಕೋಣೆಯಲ್ಲಿ ಸೀಸೆಗಳನ್ನು ಅಚ್ಚುಕಟ್ಟಾಗಿ ಅಕಾರಾದಿಯಲ್ಲಿ ಜೋಡಿಸಿದ್ದರು. ನೋಡಲು ಚೆಂದ, ಹುಡುಕಲು ಸುಲಭ, ಆದರೆ ಅಪಾಯಕಾರಿ; ಅಕಾರಾದಿಯಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಹೈಡ್ರಜೀನ್ ನೆರೆಹೊರೆಯಾಗುತ್ತವೆ, ಮತ್ತು ಅವು ಬೆರೆತರೆ ಬೆಂಕಿ ಹತ್ತಲು ಕಿಡಿಯೇ ಬೇಕಿಲ್ಲ. ಆಮ್ಲ, ಕ್ಷಾರ, ಉತ್ಕರ್ಷಕ, ಸುಡುವ ದ್ರಾವಕ ಎಂದು ಗುಣದ ಪ್ರಕಾರ ಬೇರ್ಪಡಿಸಲು ವಿಭಾಗದ ಮುಖ್ಯಸ್ಥರು ಕೂಡಲೇ ಒಪ್ಪಿದರು. ಮೂಲೆಯಲ್ಲಿ ಒಂದು ಹಳೆಯ ಈಥರ್ ಸೀಸೆ ಇತ್ತು. ನಾನು ಅದರ ವರ್ಷ ಕೇಳಿದಾಗ ಅಟೆಂಡರ್ “ಸಾರ್, ಅದು ನಾನ್ ಕೆಲ್ಸಕ್ಕೆ ಸೇರೋಕ್ ಮುಂಚಿಂದ್ಲೂ ಅಲ್ಲೇ ಐತೆ, ಯಾರೂ ಮುಟ್ಟಲ್ಲ” ಎಂದರು. ಯಾರೂ ಮುಟ್ಟದೇ ಇದ್ದದ್ದೇ ಒಳ್ಳೆಯದಾಯಿತು. ಗಾಳಿ ತಾಗಿದ ಈಥರ್‌ನಲ್ಲಿ ಕಾಲಕ್ರಮೇಣ ಪೆರಾಕ್ಸೈಡ್‌ಗಳು ಕೂಡಿಕೊಳ್ಳುತ್ತವೆ. ಮುಚ್ಚಳದ ಸುತ್ತ ಅವು ಹರಳುಗಟ್ಟಿದ್ದರೆ, ತಿರುಗಿಸುವ ಉಜ್ಜಾಟವೇ ಸ್ಫೋಟಕ್ಕೆ ಸಾಕು. ಕೋಣೆಗೆ ಬೀಗ ಹಾಕಿಸಿ, ಇಂಥದ್ದನ್ನು ವಿಲೇವಾರಿ ಮಾಡಲು ಬಲ್ಲವರನ್ನು ಕರೆಸಿದೆವು. ಅಂದಿನಿಂದ ಪ್ರತಿ ಸೀಸೆಯ ಮೇಲೂ ಬಂದ ದಿನಾಂಕ ಮತ್ತು ತೆರೆದ ದಿನಾಂಕ ಬರೆಯುವುದು ಕಡ್ಡಾಯವಾಗಿದೆ.

ವಿದ್ಯಾರ್ಥಿನಿಲಯಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಬಕೆಟ್ಟಿಗೆ ಇಳಿಬಿಟ್ಟು ನೀರು ಕಾಯಿಸುವ ರಾಡು. ನಿಲಯಪಾಲಕರು ತಪಾಸಣೆ ನಡೆಸಿ ವಶಪಡಿಸಿಕೊಳ್ಳುತ್ತಿದ್ದರು, ಮುಂದಿನ ವಾರ ಹೊಸ ರಾಡುಗಳು ಬರುತ್ತಿದ್ದವು. ಯಾವ ತಿಂಗಳಲ್ಲಿ ಎಷ್ಟು ಸಿಕ್ಕಿವೆ ಎಂದು ಅವರ ಪುಸ್ತಕವನ್ನೇ ನೋಡಿದಾಗ, ಡಿಸೆಂಬರ್ ಚಳಿಗಿಂತ ಆಷಾಢ ಶ್ರಾವಣಗಳಲ್ಲೇ ಹೆಚ್ಚು ಸಿಕ್ಕಿದ್ದವು. ಕಾರಣ ಸರಳವಾಗಿತ್ತು: ತಾರಸಿಯ ಮೇಲಿದ್ದುದು ಸೌರ ಹೀಟರು, ಮತ್ತು ಆ ದಿನಗಳಲ್ಲಿ ನಮ್ಮಲ್ಲಿ ವಾರಗಟ್ಟಲೆ ಸೂರ್ಯನ ಮುಖ ಕಾಣುವುದಿಲ್ಲ. ಮಕ್ಕಳಿಗೆ ಬಿಸಿನೀರು ಕೊಡದೆ ರಾಡು ಕಿತ್ತುಕೊಳ್ಳುವುದು ನ್ಯಾಯವೂ ಅಲ್ಲ, ಸುರಕ್ಷತೆಯೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಸೌರ ಟ್ಯಾಂಕುಗಳಿಗೆ ಮೋಡದ ದಿನಗಳಲ್ಲಿ ಕೆಲಸ ಮಾಡುವ ವಿದ್ಯುತ್ ಕಾಯಿಲ್ ಕೂಡಿಸಿದೆವು. ಪ್ರತಿ ಮಹಡಿಯ ವಿದ್ಯುತ್ ಪೆಟ್ಟಿಗೆಗೂ ಸೋರಿಕೆ 30 ಮಿಲಿ ಆಂಪಿಯರ್ ತಲುಪುವಷ್ಟರಲ್ಲಿ ಸಂಪರ್ಕ ಕಡಿಯುವ ಆರ್‌ಸಿಸಿಬಿ ಹಾಕಿಸಿದೆವು. ರಾಡು ಪೂರ್ತಿ ಮಾಯವಾಗಿಲ್ಲ, ಆದರೆ ಈಗ ಸಿಗುವುದು ಅಪರೂಪ.

ವಿದ್ಯಾರ್ಥಿಗಳ ಗುಂಪು ಅಪಘಾತ ವಿಮೆಯಲ್ಲಿ ಎರಡು ಸಂಗತಿ ಗಮನಿಸಬೇಕು. ಸಾವು ಮತ್ತು ಶಾಶ್ವತ ಅಂಗವೈಕಲ್ಯಕ್ಕೆ ಮೊತ್ತ ಇರುತ್ತದೆ. ಕೈ ಮುರಿದು ಆಸ್ಪತ್ರೆ ಸೇರಿದವರ ಖರ್ಚು, ವೈದ್ಯಕೀಯ ವೆಚ್ಚವನ್ನು ಬೇರೆಯಾಗಿ ಸೇರಿಸದಿದ್ದರೆ, ಬರುವುದಿಲ್ಲ. ಎರಡನೆಯದು, ಯಾವುದು ಅಪಘಾತ ಎಂಬ ಪ್ರಶ್ನೆ. ಮಲೇರಿಯಾ ಸಾಮಾನ್ಯವಾಗಿರುವ ದೇಶದಲ್ಲಿ ಸೊಳ್ಳೆ ಕಚ್ಚಿ ಆ ರೋಗದಿಂದ ಸತ್ತರೆ ಅದು ಅಪಘಾತವಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ತೀರ್ಪು ನೀಡಿದೆ. ಹಾಗಾದರೆ ಹಾವು? ಹೆಜ್ಜೇನು? ಕೊಳಕುಮಂಡಲ ನಮ್ಮ ಆವರಣದ ಹುಲ್ಲಿನಲ್ಲೇ ಇದೆ. ಕಾಫಿ ಹೂ ಬಿಡುವ ಕಾಲದ ಆಸುಪಾಸಿನಲ್ಲಿ ಹೆಜ್ಜೇನು ಎತ್ತರದ ನೀರಿನ ಟ್ಯಾಂಕಿನಡಿ ಗೂಡು ಕಟ್ಟುತ್ತದೆ, ಘಟಿಕೋತ್ಸವದ ಪೆಂಡಾಲು ಹಾಕುವುದೂ ಆ ದಿನಗಳಲ್ಲೇ. ಇವೆರಡರಿಂದಾದ ಹಾನಿಯೂ ಅಪಘಾತವೇ ಎಂದು ಪಾಲಿಸಿಗೆ ಲಿಖಿತ ಅನುಬಂಧ ಪಡೆದುಕೊಂಡೆ. ಬಾಯಿಮಾತಿನ ಭರವಸೆ ಕ್ಲೇಮಿನ ದಿನ ನಿಲ್ಲುವುದಿಲ್ಲ. ಸಮಾರಂಭಕ್ಕೆ ವಾರಗಳ ಮುಂಚೆಯೇ ಗೂಡುಗಳನ್ನು ಗುರುತಿಸಿ, ಅನುಭವಸ್ಥರಿಂದ ರಾತ್ರಿ ಹೊತ್ತು ತೆಗೆಸುತ್ತೇವೆ. ತೆಗೆಯಲಾಗದಿದ್ದರೆ ಪೆಂಡಾಲನ್ನೇ ದೂರ ಒಯ್ಯುತ್ತೇವೆ. ಆ ಬದಿಯಲ್ಲಿ ಪಟಾಕಿ, ಡ್ರೋನ್ ನಿಷಿದ್ಧ.

ಕ್ಷೇತ್ರಭೇಟಿಗಳಿಗೆ ಅನುಮತಿ ಪತ್ರವನ್ನು ಬದಲಾಯಿಸಿದೆ. 2014ರ ಜೂನ್ 8ರಂದು ಹಿಮಾಚಲದ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರು ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೊಚ್ಚಿಕೊಂಡು ಹೋಯಿತು. ಗೊರೂರಿನ ಹೇಮಾವತಿ ಅಣೆಕಟ್ಟಿನ ಕೆಳಗೆ ನದಿಗಿಳಿಯುವ ಗುಂಪಿಗೂ ಅದೇ ಅಪಾಯವಿದೆ. ಆದ್ದರಿಂದ ನದಿಗೆ ಇಳಿಯುವಂತಿಲ್ಲ ಎಂಬುದು ಪತ್ರದ ಮೊದಲ ಷರತ್ತು. ಬಿಸಿಲೆ ಕಡೆಗೆ ಹೋಗುವವರು ಆನೆಗಳ ಸಂಚಾರದ ಬಗ್ಗೆ ಅರಣ್ಯ ಇಲಾಖೆಯನ್ನು ಅಂದಿನ ಬೆಳಿಗ್ಗೆಯೇ ವಿಚಾರಿಸಬೇಕು. ಶಿರಾಡಿ ಘಾಟಿಯಲ್ಲಿ ಇಳಿಯುವವರು ಜೋರು ಮಳೆಯ ದಿನ ಪ್ರವಾಸವನ್ನೇ ಮುಂದೂಡಬೇಕು. ವಾಹನದ ವಿಷಯದಲ್ಲಿ ಮಾತ್ರ ಯಾವ ರಿಯಾಯಿತಿಯೂ ಇಲ್ಲ. ಪರಿಚಯದವರ ವೈಟ್ ಬೋರ್ಡ್ ಕಾರು ಅಗ್ಗವಾಗಿ ಸಿಗುತ್ತದೆ, ಆದರೆ ಬಾಡಿಗೆಗೆ ಜನರನ್ನು ಒಯ್ಯುವುದು ಖಾಸಗಿ ಕಾರಿನ ಪಾಲಿಸಿಯ ಷರತ್ತಿಗೆ ವಿರುದ್ಧ. ಹಳದಿ ಬೋರ್ಡ್, ಪರ್ಮಿಟ್, ಚಾಲ್ತಿಯಲ್ಲಿರುವ ವಿಮೆ ಈ ಮೂರರ ಪ್ರತಿ ಇಲ್ಲದೆ ಮುಂಗಡ ಹಣ ಬಿಡುಗಡೆಯಾಗುವುದಿಲ್ಲ.

ಗುತ್ತಿಗೆ ಕಾರ್ಮಿಕರ ಬಗ್ಗೆ ಇರುವ ತಪ್ಪು ತಿಳಿವಳಿಕೆಯೆಂದರೆ, ಹೊಣೆ ಪೂರ್ತಿ ಗುತ್ತಿಗೆದಾರರದ್ದು ಎಂಬುದು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ 12ನೇ ಕಲಂ ಪ್ರಕಾರ ಕೆಲಸ ಮಾಡಿಸುವ ಸಂಸ್ಥೆಯಿಂದಲೂ ಪರಿಹಾರ ಕೇಳಬಹುದಿತ್ತು; 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಆ ನಿಯಮ ಉಳಿದಿದೆ. ಗುತ್ತಿಗೆದಾರರು ಕಾರ್ಮಿಕರ ಸಂಖ್ಯೆಯನ್ನು ನಮೂದಿಸಿದ ವಿಮೆ ತೋರಿಸಿದ ಮೇಲೆಯೇ ಕಾರ್ಯಾದೇಶ ಕೊಡುತ್ತೇವೆ. ಜನಸಂದಣಿಯ ಸಮಾರಂಭಗಳಿಗೂ ಇದೇ ಬಿಗಿ ಬಂದಿದೆ. 2023ರ ನವೆಂಬರ್ 25ರಂದು ಕೊಚ್ಚಿಯ ವಿಶ್ವವಿದ್ಯಾಲಯದ ಬಯಲು ರಂಗಮಂದಿರದಲ್ಲಿ ನಡೆದ ನೂಕುನುಗ್ಗಲಿನಲ್ಲಿ ನಾಲ್ವರು ಸತ್ತ ಸುದ್ದಿಯನ್ನು ಓದಿದ ಮೇಲೆ, ನಮ್ಮ ರಂಗಮಂದಿರದ ಎಲ್ಲ ಬಾಗಿಲುಗಳ ಬೀಗದ ಕೈಯೂ ಕಾರ್ಯಕ್ರಮ ಮುಗಿಯುವವರೆಗೆ ಸ್ಥಳದಲ್ಲೇ ಇರಬೇಕೆಂದು ಆದೇಶ ಹೊರಡಿಸಲು ಯಾರನ್ನೂ ಒಲಿಸಬೇಕಾಗಲಿಲ್ಲ.

ಮುಂಗಾರಿನ ಗಾಳಿಗೆ ದೊಡ್ಡ ಸಿಲ್ವರ್ ಓಕ್ ಮರವೊಂದು ಕಾರ್ಯಾಗಾರದ ಚಾವಣಿಯ ಮೇಲೆ ಬಿದ್ದಾಗ ಈ ಎಲ್ಲ ಕಾಗದಗಳಿಗೆ ಪರೀಕ್ಷೆ ಒದಗಿತು. ಮರವನ್ನು ಕೂಡಲೇ ಕಡಿದು ಸಾಗಿಸಬೇಕೆಂದು ಎಲ್ಲರ ಒತ್ತಾಯ. ಅಪಾಯದಲ್ಲಿದ್ದ ಭಾಗಕ್ಕೆ ಆಧಾರ ಕೊಟ್ಟು, ಮಳೆ ನೀರು ಯಂತ್ರಗಳ ಮೇಲೆ ಬೀಳದಂತೆ ಟಾರ್ಪಾಲು ಹೊದಿಸಿ, ನಾಲ್ಕು ದಿಕ್ಕಿನಿಂದ ಫೋಟೊ ತೆಗೆಸಿ, ಅದೇ ದಿನ ಕಂಪನಿಗೆ ಮಿಂಚಂಚೆ ಕಳುಹಿಸಿ, ನಷ್ಟವನ್ನು ಅಂದಾಜು ಮಾಡುವ ಸರ್ವೆಯರ್ ಬಂದು ನೋಡುವವರೆಗೆ ಉಳಿದದ್ದನ್ನು ಹಾಗೇ ಬಿಟ್ಟೆವು. ಹಾನಿ ಹೆಚ್ಚಾಗದಂತೆ ತಡೆಯುವುದು ನಮ್ಮ ಕರ್ತವ್ಯ. ಸಾಕ್ಷ್ಯ ಅಳಿಸುವುದು ಅಲ್ಲ. ಸರ್ವೆಯರ್ ಕೇಳಿದ್ದು ಕಟ್ಟಡದ ಅಳತೆ, ಮೌಲ್ಯದ ಲೆಕ್ಕ, ಯಂತ್ರಗಳ ಖರೀದಿ ಬಿಲ್ಲು ಮತ್ತು ನಿರ್ವಹಣಾ ಪುಸ್ತಕ. ಎಲ್ಲವೂ ಒಂದೇ ಕಡತದಲ್ಲಿದ್ದವು. ಮರುನಿರ್ಮಾಣ ಮೌಲ್ಯವನ್ನೇ ವಿಮಾ ಮೊತ್ತವಾಗಿಸಿದ್ದರಿಂದ ಸರಾಸರಿಯ ಕಡಿತದ ಮಾತೇ ಬರಲಿಲ್ಲ.

ಇನ್ನು ನವೀಕರಣ. 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕೈಸೇರುವ ಮೊದಲು ಕಂಪನಿ ಹೊಣೆ ಹೊರುವಂತಿಲ್ಲ. ಕಡತ ಮಂಜೂರಾಗಿದೆ, ಹಣ ನಾಳೆ ಬರುತ್ತದೆ ಎಂಬ ಪತ್ರಕ್ಕೆ ಬೆಲೆಯಿಲ್ಲ. ನಮ್ಮ ಪಾಲಿಸಿಗಳೆಲ್ಲ ಮಾರ್ಚ್ 31ಕ್ಕೆ ಮುಗಿಯುತ್ತಿದ್ದವು, ಅಂದರೆ ಹಣಕಾಸು ವಿಭಾಗದಲ್ಲಿ ಬಿಲ್ಲುಗಳ ರಾಶಿ ಅತಿ ಎತ್ತರಕ್ಕೆ ಬೆಳೆದಿರುವ ದಿನ. ಅಲ್ಪಾವಧಿಯ ಪಾಲಿಸಿಯೊಂದನ್ನು ಮಧ್ಯೆ ತೆಗೆದುಕೊಂಡು ನವೀಕರಣವನ್ನು ಅಕ್ಟೋಬರ್‌ಗೆ ತಂದೆವು; ಮಳೆಗಾಲದ ಹಾನಿಗಳೆಲ್ಲ ಆ ಹೊತ್ತಿಗೆ ದಾಖಲಾಗಿರುವುದರಿಂದ, ಯಾವ ಷರತ್ತನ್ನು ಬದಲಿಸಲು ಕೇಳಬೇಕೆಂಬುದೂ ಸ್ಪಷ್ಟವಾಗಿರುತ್ತದೆ. ಈ ವರ್ಷ ಕೇಳಬೇಕಾದ ಪಟ್ಟಿಯಲ್ಲಿ ಮೊದಲನೆಯದು ಕಳ್ಳತನ ವಿಮೆ. ಬೆಂಕಿ ಅಥವಾ ಬಿರುಗಾಳಿಯ ಗದ್ದಲದಲ್ಲಿ ಕಳುವಾದ ವಸ್ತುಗಳಿಗೆ ಬೆಂಕಿ ಪಾಲಿಸಿಯಲ್ಲಿ ಪರಿಹಾರವಿಲ್ಲ, ಮತ್ತು ನಮ್ಮ ತಾಮ್ರದ ಕೇಬಲ್ಲುಗಳು ಇನ್ನೂ ಬಯಲಿನಲ್ಲೇ ಇವೆ.